ಧರೆಯ ಕೆಳಗಣ ಮನೆ

ಮಲೆನಾಡಿನಲ್ಲಾಗಲಿ ಘಟ್ಟದ ಕೆಳಗಿನ ತಾಲೂಕುಗಳಲ್ಲಾಗಲಿ ಈಗ ಮನೆ ಕಟ್ಟಿಸಲು ಹೊರಟವನ ಜಾಗಕ್ಕೆ ಪುರೋಹಿತರಿಗಿಂತ ಮೊದಲು ಬರುವುದು ಜೆಸಿಬಿ. ಗುಡ್ಡದ ಇಳಿಜಾರನ್ನು ಒಂದು ಪಾರ್ಶ್ವದಲ್ಲಿ ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಎದುರು ಪಾರ್ಶ್ವಕ್ಕೆ ತಳ್ಳಿ, ಹಿಂದೆ ಹತ್ತಾರು ಆಳುಗಳು ಹಾರೆ ಗುದ್ದಲಿ ಹಿಡಿದು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಅದು ಎರಡು ದಿವಸಗಳಲ್ಲಿ ಮುಗಿಸಿಕೊಟ್ಟು ಹೋಗುತ್ತದೆ. ಹೋದ ಮೇಲೆ ಅಲ್ಲಿ ಮುಂದೆ ಮಟ್ಟಸವಾದ ಒಂದು ನಿವೇಶನವೂ, ಹಿಂದೆ ಎರಡಾಳು ಮೂರಾಳೆತ್ತರದ ಹಸಿಮಣ್ಣಿನ ಧರೆಯೂ ಉಳಿಯುತ್ತವೆ. ನಿವೇಶನದ ಉದ್ದಗಲಗಳನ್ನು ಅಂಗುಲದ ಲೆಕ್ಕದಲ್ಲಿ ನೋಡುವ ಯಜಮಾನನು ಧರೆಯ ಎತ್ತರವನ್ನು ಅಳೆಯಲು ಹೋಗುವುದಿಲ್ಲ. ಜಾಗ ವ್ಯರ್ಥವಾಗಬಾರದೆಂದು ಅಡುಗೆಮನೆಯನ್ನೋ ಬಚ್ಚಲನ್ನೋ ಅದರಿಂದ ಮಾರುದೂರದಲ್ಲಿಯೇ ಎಬ್ಬಿಸಲಾಗುತ್ತದೆ. ನಾಲ್ಕಾರು ಮಳೆಗಾಲಗಳು ಏನೂ ಸಂಭವಿಸದೆ ಕಳೆದುಹೋಗುತ್ತವೆ. ಧರೆಯ ಮೈಮೇಲೆ ಪಾಚಿ ಕಟ್ಟಿ, ಜರಿಗಿಡಗಳು ಬೆಳೆದು, ಅದು ಅನಾದಿಯಿಂದಲೂ ಅಲ್ಲಿಯೇ ಹಾಗೆಯೇ ಇದ್ದಿತೆಂಬ ವಿಶ್ವಾಸ ಮನೆಮಂದಿಯಲ್ಲಿ ಹುಟ್ಟುತ್ತದೆ. ಗುಡ್ಡಕುಸಿತವನ್ನು ಕುರಿತು ನಮ್ಮ ಜನಕ್ಕೆ ಏನನ್ನಾದರೂ ಹೇಳಹೊರಟವನು ಹಿಮಾಲಯದಿಂದಲ್ಲದೆ ಈ ಹಿತ್ತಿಲಿನಿಂದಲೇ ಆರಂಭಿಸುವುದು ಮೇಲು.

2018ರ ಆಗಸ್ಟ್ ತಿಂಗಳ ನಡುಭಾಗದಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿಗಳ ಗುಡ್ಡಗಳು ಒಂದರ ಹಿಂದೊಂದರಂತೆ ಜಾರಿ, ಮನೆಗಳನ್ನೂ ಕಾಫಿ ತೋಟಗಳನ್ನೂ ಗದ್ದೆಗಳನ್ನೂ ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯನ್ನೂ ಒಯ್ದಾಗ, ಜನರ ಬಾಯಲ್ಲಿ ಮೊದಲು ಕೇಳಿಬಂದುದು ಭೂಮಿಯೊಳಗಿನಿಂದ ನೀರು ಸಿಡಿದು 'ಜಲಸ್ಫೋಟ'ವಾಯಿತೆಂಬ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ತಜ್ಞರು ಸ್ಥಳಗಳನ್ನು ಪರಿಶೀಲಿಸಿ ಕೊಟ್ಟ ಅಭಿಪ್ರಾಯ ಇದಕ್ಕಿಂತ ನೀರಸವೂ ಇದಕ್ಕಿಂತ ಉಪಯುಕ್ತವೂ ಆಗಿತ್ತು: ಅತಿಯಾದ ಮಳೆಯೊಡನೆ, ರಸ್ತೆಗೂ ಮನೆಗೂ ತೋಟಕ್ಕೂ ಇಳಿಜಾರನ್ನು ಕಡಿದು ಅದಕ್ಕೆ ತಕ್ಕ ಆಸರೆಯನ್ನಾಗಲಿ ನೀರಿನ ದಾರಿಯನ್ನಾಗಲಿ ಕಲ್ಪಿಸದೆ ಹೋದದ್ದು ಮುಖ್ಯ ಕಾರಣ. ಸ್ಫೋಟವೆಂದರೆ ಅದು ದೈವದ ಕೈಯಲ್ಲಿರುವ ಸಂಗತಿ. ಕಡಿದ ಧರೆಯೆಂದರೆ ಅದು ನಮ್ಮ ಕೈಯಲ್ಲಿದ್ದ ಸಂಗತಿ. ಮೊದಲನೆಯ ವಿವರಣೆಯೇ ಜನರಿಗೆ ಹೆಚ್ಚು ಸಮಾಧಾನವನ್ನು ಕೊಟ್ಟಿತೆಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಗುಡ್ಡವೊಂದು ನಿಂತಿರುವುದು ಹೇಗೆ, ಜಾರುವುದು ಹೇಗೆ ಎಂಬುದನ್ನು ಅರಿತುಕೊಂಡರೆ ಉಳಿದ ಎಚ್ಚರಿಕೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ. ಘಟ್ಟದ ಮತ್ತು ಕರಾವಳಿಯ ಗುಡ್ಡಗಳಲ್ಲಿ ಅನೇಕ ಕಡೆ ಮೇಲೆ ಕೆಂಪುಮಣ್ಣು ಅಥವಾ ಮುರಕಲ್ಲಿನ ಪದರವಿದ್ದು, ಅದರಡಿಯಲ್ಲಿ ಬಿಳಿಯ ಅಥವಾ ನಸುಗೆಂಪಿನ, ನೀರು ತಾಗಿದೊಡನೆ ನುಣ್ಣಗಾಗುವ ಶೇಡಿಮಣ್ಣು ಇರುತ್ತದೆ. ಇನ್ನೂ ಕೆಳಗೆ ಗಟ್ಟಿಯಾದ ಬಂಡೆ. ಮೇಲಿನ ಪದರ ಮಳೆಯ ನೀರನ್ನು ಬೇಗ ಹೀರಿ ಕೆಳಕ್ಕೆ ಬಿಡುತ್ತದೆ. ಕೆಳಗಿನದು ಅಷ್ಟು ಬೇಗ ಬಿಡದು. ಒಂದು ಗುಂಟೆ ನೆಲದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ಹತ್ತಿರ ಹತ್ತಿರ 10 ಸಾವಿರ ಲೀಟರ್, ಎಂದರೆ 10 ಟನ್ ತೂಕದ ನೀರು; ಎಕರೆಗೆ 400 ಟನ್. ಇದರಲ್ಲಿ ಹರಿದುಹೋದದ್ದು ಹೋಗಿ ಇಂಗಿದ ಭಾಗವು ಶೇಡಿಯ ಮೇಲೋ ಬಂಡೆಯ ಮೇಲೋ ಶೇಖರವಾಗುತ್ತ ಮಣ್ಣಿನ ಭಾರವನ್ನು ಹೆಚ್ಚಿಸುವುದಲ್ಲದೆ, ಮಣ್ಣಿನ ಕಣಕಣಗಳ ನಡುವೆ ಒತ್ತಡವನ್ನುಂಟುಮಾಡಿ ಅವು ಒಂದನ್ನೊಂದು ಕಚ್ಚಿ ಹಿಡಿದಿರುವ ಬಿಗಿಯನ್ನು ಸಡಿಲಿಸುತ್ತದೆ. ಇಂತಹ ಸ್ಥಿತಿಯಲ್ಲಿ ಇಳಿಜಾರಿನ ಬುಡವನ್ನು ಕಡಿದಿಡುವುದೆಂದರೆ ಒಟ್ಟಿದ ಅಡಕೆ ಮೂಟೆಗಳಲ್ಲಿ ಕೆಳಗಿನದನ್ನು ಎಳೆದು ಮೇಲಿನವು ನಿಂತಾವೆಂದು ನಂಬಿದಂತೆ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಆ ದಿನದ ಮಳೆಯೊಂದೇ ಅಪಾಯವನ್ನು ತರುವುದಿಲ್ಲ. ಹಿಂದಿನ ಹಲವು ದಿನಗಳ ಮಳೆ ನೆಲದೊಳಗೆ ಸಾಲದಂತೆ ಕೂಡುತ್ತ ಬಂದು, ಕೊನೆಯ ಒಂದು ರಾತ್ರಿಯ ಬಿರುಮಳೆ ಅದನ್ನು ತೀರಿಸುವಂತೆ ಕೇಳುತ್ತದೆ. ಮಳೆ ನಿಂತ ಮೇಲೆಯೂ ನೆಲದೊಳಗಿನ ನೀರು ಇಳಿಯಲು ಸಮಯ ಬೇಕಾದುದರಿಂದ, ಬಿಸಿಲು ಬಿದ್ದಿತೆಂದು ಒಡನೆಯೇ ಧೈರ್ಯಗೊಳ್ಳುವುದು ಸರಿಯಲ್ಲ.

ಗುಡ್ಡ ಜಾರಿದರೆ ಅದರ ಬುಡದವರಿಗೆ ಮಾತ್ರ ಹಾನಿಯೆಂಬ ಭಾವನೆಯನ್ನು ಶಿರೂರು ಸುಳ್ಳುಮಾಡಿತು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲೂಕಿನ ಆ ಊರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು, ರಸ್ತೆಯಂಚಿನ ಚಹಾದಂಗಡಿಯನ್ನೂ ಅಲ್ಲಿ ವಿಶ್ರಮಿಸಲೆಂದು ನಿಲ್ಲಿಸಿದ್ದ ವಾಹನಗಳನ್ನೂ ಕೂಡಿಕೊಂಡು ಗಂಗಾವಳಿ ನದಿಗೆ ಬಿದ್ದಿತು. ಬಿದ್ದ ಮಣ್ಣಿನ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿ ಅಲ್ಲಿಯೂ ಪ್ರಾಣಹಾನಿಯನ್ನುಂಟುಮಾಡಿತು. ಅಡುಗೆ ಅನಿಲದ ಟ್ಯಾಂಕರೊಂದು ನದಿಯಲ್ಲಿ ತೇಲಿಕೊಂಡು ಕಿಲೋಮೀಟರುಗಟ್ಟಲೆ ದೂರ ಹೋಯಿತು. ಕೇರಳದ ಚಾಲಕನೊಬ್ಬನ ಲಾರಿಯನ್ನು ನದಿಯ ತಳದಿಂದ ಎತ್ತಲು ಸಾಧ್ಯವಾದುದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು. ಘಟ್ಟದ ರಸ್ತೆಗಳಲ್ಲಿ ಓಡಾಡುವವರು ಈ ಪ್ರಸಂಗದಿಂದ ಕಲಿಯತಕ್ಕುದು ಸರಳವಾಗಿದೆ: ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ವಾಹನವನ್ನು ನಿಲ್ಲಿಸಬಾರದು, ನೆರಳಿಗಾಗಲಿ ಚಹಾಕ್ಕಾಗಲಿ ನಿದ್ರೆಗಾಗಲಿ. ಶಿರಾಡಿಯಲ್ಲಿಯೂ ಚಾರ್ಮಾಡಿಯಲ್ಲಿಯೂ ಜಲಪಾತ ಕಂಡಲ್ಲೆಲ್ಲ ಕಾರು ನಿಲ್ಲಿಸಿ ಭಾವಚಿತ್ರ ತೆಗೆದುಕೊಳ್ಳುವ ಉತ್ಸಾಹಿಗಳಿಗೆ ಇದನ್ನು ಯಾರು ಹೇಳಬೇಕೋ ತಿಳಿಯದು.

ನೆರೆಯ ವಯನಾಡಿನ ಕಥೆ ಇನ್ನೂ ದಾರುಣವಾದುದು, ಮತ್ತು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಪ್ರದೇಶವನ್ನು ಗುಡ್ಡದ ಮಣ್ಣು, ಬಂಡೆ, ಮರಗಳು ಹೊಳೆಯ ದಾರಿ ಹಿಡಿದು ಇಳಿದುಬಂದು ಅಳಿಸಿಹಾಕಿದಾಗ ಇನ್ನೂರೈವತ್ತಕ್ಕೂ ಹೆಚ್ಚು ಜನ ಮೃತರಾದರು. ಚಾಮರಾಜನಗರ, ಮಂಡ್ಯದ ಕಡೆಯಿಂದ ದುಡಿಯಲು ಹೋಗಿ ನೆಲೆಸಿದ್ದ ಕನ್ನಡಿಗರೂ ಅವರಲ್ಲಿದ್ದರು. ಮುರಿದುಹೋದ ಸಂಪರ್ಕವನ್ನು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಬೈಲಿ ಸೇತುವೆಯನ್ನು ಕಟ್ಟಿ ಮತ್ತೆ ಕೂಡಿಸಿದರು. ಆ ಕುಸಿತ ಪ್ರಾರಂಭವಾದುದು ಜನವಸತಿಗಿಂತ ಬಹಳ ಮೇಲೆ, ಕಾಡಿನ ಇಳಿಜಾರಿನಲ್ಲಿ. ಆದುದರಿಂದ ಕಾಡಿದ್ದರೆ ಗುಡ್ಡ ಕುಸಿಯದೆಂಬ ಮಾತನ್ನು ಸ್ವಲ್ಪ ತಿದ್ದಿಕೊಂಡು ಹೇಳಬೇಕಾಗುತ್ತದೆ. ಬೇರು ಇಳಿದಿರುವಷ್ಟು ಆಳದ ಮಣ್ಣನ್ನು ಮರ ಹಿಡಿದಿಡಬಲ್ಲುದು. ಅದಕ್ಕಿಂತ ಕೆಳಗಿನ ಪದರ ಜಾರಿದರೆ ಮರವೂ ಮಣ್ಣಿನೊಡನೆ ಹೋಗುತ್ತದೆ.

ಆ ದುರಂತಕ್ಕೆ ಮುಂಚಿನ 48 ಗಂಟೆಗಳಲ್ಲಿ ಅಲ್ಲಿ ಸುಮಾರು 570 ಮಿಲಿಮೀಟರ್ ಮಳೆ ಸುರಿದಿತ್ತು. ವಯನಾಡಿನ ಕಲ್ಪೆಟ್ಟದಲ್ಲಿ ಹ್ಯೂಮ್ ಪರಿಸರ ಮತ್ತು ವನ್ಯಜೀವಿ ಅಧ್ಯಯನ ಕೇಂದ್ರವೆಂಬ ಒಂದು ಸಂಸ್ಥೆಯಿದೆ. ಅದು ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಸ್ಥಳೀಯರ ನೆರವಿನಿಂದ ಪ್ರತಿದಿನದ ಮಳೆಯನ್ನು ಅಳೆಯಿಸಿ, ಅಂಕಿಗಳನ್ನು ಕೂಡಿಸಿ ನೋಡುತ್ತ ಬಂದಿದೆ. 2020ರಲ್ಲಿ ಇದರ ಎಚ್ಚರಿಕೆಯ ಮೇರೆಗೆ ಇದೇ ಮುಂಡಕ್ಕೈಯ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದುದರಿಂದ, ಕುಸಿತ ಸಂಭವಿಸಿದರೂ ಜೀವಹಾನಿ ತಪ್ಪಿತು. 2024ರಲ್ಲಿಯೂ ದುರಂತದ ಹಿಂದಿನ ದಿನ, ಜುಲೈ 29ರ ಬೆಳಗ್ಗೆಯೇ, ಈ ಕೇಂದ್ರ ಜಿಲ್ಲಾಡಳಿತಕ್ಕೆ ಅಪಾಯವನ್ನು ತಿಳಿಸಿತ್ತು. ಎಚ್ಚರಿಕೆ ಇತ್ತು, ಅದು ರಾತ್ರಿಯಾಗುವುದರೊಳಗೆ ಕೆಳಗಿನ ಎಲ್ಲ ಮನೆಗಳ ಬಾಗಿಲು ತಟ್ಟಿ ಜನರನ್ನು ಎಬ್ಬಿಸಲಿಲ್ಲ. ನನ್ನ ಮಟ್ಟಿಗೆ ಈ ಎರಡು ವರ್ಷಗಳ ನಡುವಣ ಅಂತರದಲ್ಲಿ ಗುಡ್ಡಕುಸಿತದಿಂದ ಪಾರಾಗುವ ಶಾಸ್ತ್ರವೆಲ್ಲ ಅಡಗಿದೆ. ಗುಡ್ಡವನ್ನು ನಾವು ತಡೆದು ನಿಲ್ಲಿಸಲಾರೆವು. ಅದರ ದಾರಿಯಲ್ಲಿ ಆ ರಾತ್ರಿ ಮಲಗದೆ ಇರಬಲ್ಲೆವು.

ಮಳೆಯನ್ನು ಅಳೆಯುವುದು ದೊಡ್ಡ ವಿದ್ಯೆಯಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಾಗಿರುವ, ಮಟ್ಟಸವಾದ ತಳದ ಯಾವುದೇ ಡಬ್ಬವನ್ನು ಮರದ ಮರೆಯಾಗಲಿ ಮಾಡಿನ ಮರೆಯಾಗಲಿ ಇಲ್ಲದ ಅಂಗಳದಲ್ಲಿ ನೆಟ್ಟಗೆ ಇಟ್ಟು, ಪ್ರತಿದಿನವೂ ಬೆಳಗ್ಗೆ 8.30ಕ್ಕೆ ಶಾಲಾಮಕ್ಕಳ ಅಳತೆಪಟ್ಟಿಯನ್ನು ಇಳಿಸಿ ನೀರಿನ ಎತ್ತರವನ್ನು ನೋಡಿ ಬರೆದಿಟ್ಟು ಚೆಲ್ಲಿದರಾಯಿತು. ಹವಾಮಾನ ಇಲಾಖೆಯ ಮಳೆಯ ದಿನವೂ ಆ ವೇಳೆಗೇ ಮಗುಚುತ್ತದೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾದ ಬಕೆಟ್ಟು ಸುಳ್ಳು ಹೇಳುತ್ತದೆ. ಇಲಾಖೆಯ ಭಾಷೆಯಲ್ಲಿ ಒಂದು ದಿನದಲ್ಲಿ 64.5 ಮಿಲಿಮೀಟರಿಗೆ ಮೇಲ್ಪಟ್ಟದ್ದು ಭಾರೀ ಮಳೆ, 115.6ರಿಂದ 204.4ರವರೆಗಿನದು ಅತಿ ಭಾರೀ, ಅದನ್ನೂ ಮೀರಿದ್ದು ಅತ್ಯಂತ ಭಾರೀ. ಕೊಡಗಿನ ಹಳೆಯ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ದಫ್ತರದಲ್ಲಿ ಬರೆದಿಡುವ ಪದ್ಧತಿ ಬಹುಕಾಲದಿಂದ ಇದೆ. ಕಾಫಿ ಹೂವಿಗಾಗಿ ಬೆಳೆದ ಆ ಶಿಸ್ತನ್ನು ಪ್ರಾಣಕ್ಕಾಗಿಯೂ ಬಳಸಿಕೊಳ್ಳಬಾರದೇಕೆ? ಕೋಲ್ಕತ್ತದಲ್ಲಿ 2024ರ ಜುಲೈಯಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ತೆರೆದಿದೆ. ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಹಳದಿ, ಕಿತ್ತಳೆ, ಕೆಂಪು ಎಂಬ ಎಚ್ಚರಿಕೆಗಳು ಈಗ ಫೋನಿಗೇ ಬಂದು ಬೀಳುತ್ತವೆ. ಇವೆಲ್ಲ ಬೇಕು. ಆದರೆ ಇವು ಜಿಲ್ಲೆಯ ಅಥವಾ ತಾಲೂಕಿನ ಮಾತನ್ನು ಹೇಳಬಲ್ಲುವೇ ಹೊರತು ನಿಮ್ಮ ಮನೆಯ ಹಿಂದಿನ ಧರೆಯ ಮಾತನ್ನಲ್ಲ; ಒಂದು ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸವಿರಬಲ್ಲುದೆಂದು ಘಟ್ಟದವರಿಗೆ ಹೇಳಿಕೊಡಬೇಕಾದುದಿಲ್ಲ.

ಧರೆಯೂ ತನ್ನ ಮಾತನ್ನು ತಾನೇ ಹೇಳುತ್ತದೆ. ಮೇಲಿನ ನೆಲದಲ್ಲಿ ಹೊಸದಾಗಿ ಬಿರುಕು ಕಾಣಿಸಿಕೊಂಡು ದಿನದಿಂದ ದಿನಕ್ಕೆ ಅಗಲವಾಗುವುದು. ನೆಟ್ಟಗಿದ್ದ ಬೇಲಿಯ ಕಂಬಗಳೂ ವಿದ್ಯುತ್ ಕಂಬವೂ ಅಡಕೆ ಮರಗಳೂ ಒಂದೇ ಕಡೆಗೆ ವಾಲುವುದು. ನಿನ್ನೆಯವರೆಗೆ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಹೊಸ್ತಿಲಿಗೆ ಸಿಕ್ಕಿಕೊಳ್ಳುವುದು, ಗೋಡೆಯಲ್ಲಿಯೂ ನೆಲದಲ್ಲಿಯೂ ಸೀಳು ಮೂಡುವುದು. ಎಂದೂ ಇಲ್ಲದ ಜಾಗದಲ್ಲಿ ಒರತೆ ಹುಟ್ಟುವುದು, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುವುದು. ಇವುಗಳಲ್ಲಿ ಒಂದನ್ನು ಕಂಡರೂ ಮಂಗಳವಾರ ಅಮಾವಾಸ್ಯೆಗಳನ್ನು ನೋಡದೆ ಆ ಮನೆಯನ್ನು ಬಿಡತಕ್ಕದ್ದು. ಎಲ್ಲಕ್ಕಿಂತ ಹೆಚ್ಚಾಗಿ ಭಯಪಡಬೇಕಾದ ಲಕ್ಷಣವು ಸಮಾಧಾನದ ವೇಷದಲ್ಲಿ ಬರುತ್ತದೆ: ಧಾರಾಕಾರ ಮಳೆಯ ನಡುವೆ ಮನೆಪಕ್ಕದ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಮೆಯಾದರೆ, ಮಳೆ ತಗ್ಗಿತೆಂದಲ್ಲ, ಮೇಲೆಲ್ಲೋ ಮಣ್ಣು ಬಿದ್ದು ನೀರಿಗೆ ಕಟ್ಟೆ ಕಟ್ಟಿದೆಯೆಂದು ತಿಳಿಯಬೇಕು, ಆ ಕಟ್ಟೆ ಒಡೆಯುವ ಮೊದಲು ಹಳ್ಳದ ದಂಡೆಯವರೆಲ್ಲ ಎತ್ತರದ, ಹಳ್ಳದಿಂದ ದೂರದ ನೆಲೆಗೆ ಸೇರಿಕೊಳ್ಳಬೇಕು.

ಮಳೆಗಾಲಕ್ಕೆ ಮುಂಚೆ ಮನೆಯವರು ಮಾಡಬಹುದಾದ ಕೆಲಸಗಳಲ್ಲಿ ಬಹುಪಾಲು ನೀರಿನವು. ಧರೆಯ ನೆತ್ತಿಯಿಂದ ಸ್ವಲ್ಪ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಚರಂಡಿಯನ್ನು ಮಾಡಿ ಗುಡ್ಡದ ನೀರನ್ನು ಸಹಜವಾದ ಹಳ್ಳಕ್ಕೆ ತಿರುಗಿಸುವುದು, ಚರಂಡಿಯಲ್ಲಿ ತುಂಬಿದ ತರಗೆಲೆಯನ್ನು ಆಗಾಗ ತೆಗೆಯುವುದು, ಮಾಡಿನ ನೀರನ್ನಾಗಲಿ ಬಚ್ಚಲಿನ ನೀರನ್ನಾಗಲಿ ಇಳಿಜಾರಿನ ಮೇಲೆ ಬಿಡದಿರುವುದು, ಧರೆಯ ಮೇಲ್ಗಡೆ ನೀರಿನ ಟ್ಯಾಂಕನ್ನೂ ಸೋರುವ ಪೈಪನ್ನೂ ಶೌಚದ ಗುಂಡಿಯನ್ನೂ ಇರಗೊಡದಿರುವುದು ಇವೇ ಮುಖ್ಯವಾದವು. ಹೊಸದಾಗಿ ಕಟ್ಟುವವರು ಧರೆಯ ಎತ್ತರದಷ್ಟಾದರೂ ಜಾಗವನ್ನು ಧರೆಗೂ ಗೋಡೆಗೂ ನಡುವೆ ಬಿಡಬೇಕು. ಎತ್ತರದ ಧರೆಯನ್ನು ಒಂದೇ ನೆಟ್ಟಗೆ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಬೇಕು. ತುಂಬಿದ ಹೊಸ ಮಣ್ಣಿನ ಮೇಲೆ ಅಡಿಪಾಯ ಹಾಕಬಾರದು. ತಡೆಗೋಡೆ ಕಟ್ಟಿಸಿದವರು ನಿಶ್ಚಿಂತರಾಗುವುದನ್ನು ಅಲ್ಲಲ್ಲಿ ನೋಡುತ್ತೇವೆ. ಹಿಂದೆ ಸಂಗ್ರಹವಾದ ನೀರು ಹೊರಕ್ಕೆ ಬರಲು ಕೊಳವೆಗಳಿಲ್ಲದ ಕಾಂಕ್ರೀಟು ಗೋಡೆ ಮಣ್ಣನ್ನಲ್ಲದೆ ನೀರನ್ನೂ ಹೊತ್ತುಕೊಂಡು ಒಂದು ದಿನ ಅಡ್ಡಬೀಳುತ್ತದೆ. ಗಿಡ ನೆಡುವುದಾದರೆ ಧರೆಯ ಅಂಚಿನಲ್ಲಿ ಗಾಳಿಗೆ ತೂಗಾಡುವ ಹೆಮ್ಮರವಲ್ಲ, ಲಾವಂಚದಂತಹ, ಬೇರು ಆಳಕ್ಕಿಳಿಯುವ ಹುಲ್ಲು ಒಳ್ಳೆಯದು.

ಇಂಗುಗುಂಡಿಗಳ ವಿಷಯವನ್ನು ಹೇಳಲು ಸಂಕೋಚವಾದರೂ ಹೇಳದೆ ನಿರ್ವಾಹವಿಲ್ಲ. ಓಡುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ ಎಂಬ ಉಪದೇಶ ನಮ್ಮ ಬಾವಿಗಳನ್ನು ಉಳಿಸಿದೆ. ಬಯಲಿಗೂ ಸಣ್ಣ ಇಳಿಜಾರಿಗೂ ಅದು ಇಂದಿಗೂ ಸತ್ಯ. ಆದರೆ ಆಳವಾದ ಮಣ್ಣಿರುವ ಕಡಿದಾದ ಗುಡ್ಡದಲ್ಲಿ, ಕೆಳಗೆ ಮನೆಗಳಿರುವಾಗ, ಅಗಳು ತೋಡಿ ಗುಂಡಿ ಹೊಡೆದು ನೀರನ್ನು ಒಳಕ್ಕೆ ಕಳುಹಿಸುವುದೆಂದರೆ ಕುಸಿತಕ್ಕೆ ಬೇಕಾದ ಸಾಮಗ್ರಿಯನ್ನು ಒದಗಿಸಿಕೊಟ್ಟ ಹಾಗೆ. ಒಂದೇ ಮಂತ್ರವನ್ನು ಎಲ್ಲ ನೆಲಕ್ಕೂ ಹೇಳುವುದು ಪುಣ್ಯಕಾರ್ಯದ ಉತ್ಸಾಹದಲ್ಲಿ ನಮ್ಮವರು ಮಾಡುವ ತಪ್ಪು.

ಮನೆಯನ್ನು ಬಿಟ್ಟು ಹೋಗುವ ನಿರ್ಧಾರವನ್ನು ಬಿರುಮಳೆಯ ನಡುರಾತ್ರಿಯಲ್ಲಿ ಮಾಡಲು ಹೋದರೆ ಅದು ಎಂದಿಗೂ ಆಗುವುದಿಲ್ಲ. ಕರೆಂಟು ಹೋಗಿರುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ, ಅಜ್ಜ ಹಾಸಿಗೆ ಬಿಟ್ಟು ಏಳಲೊಲ್ಲರು, ಕೊಟ್ಟಿಗೆಯಲ್ಲಿ ಕರು ಹಾಕಿದ ಹಸು. ಬೆಳಗಾಗಲಿ ನೋಡೋಣವೆಂದು ಮಲಗಿದವರೇ ಹೆಚ್ಚಾಗಿ ಮಣ್ಣಿನಡಿಯಲ್ಲಿ ಸಿಕ್ಕಿದ್ದಾರೆ. ಆದಕಾರಣ ಎರಡು ದಿನ ಬಿಡದೆ ಭಾರೀ ಮಳೆಯಾಗಿ ಮೂರನೆಯ ದಿನಕ್ಕೂ ಕೆಂಪು ಎಚ್ಚರಿಕೆ ಬಂದರೆ, ಹಗಲು ಇರುವಾಗಲೇ ಹೊರಡುವುದೆಂಬ ನಿಯಮವನ್ನು ಬೇಸಗೆಯಲ್ಲಿಯೇ ಮನೆಯವರೆಲ್ಲ ಕುಳಿತು ಮಾಡಿಕೊಂಡಿರಬೇಕು; ಯಾರ ಮನೆಗೆ, ಯಾವ ದಾರಿಯಲ್ಲಿ ಎಂಬುದೂ ನಿಶ್ಚಯವಾಗಿರಬೇಕು. ಆ ದಾರಿ ಹಳ್ಳವನ್ನಾಗಲಿ ಇನ್ನೊಂದು ಧರೆಯ ಬುಡವನ್ನಾಗಲಿ ಹಾಯ್ದು ಹೋಗಬಾರದು. ಜಾಗದ ಪತ್ರ, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಿತ್ಯದ ಔಷಧಿ, ಟಾರ್ಚು, ಒಂದು ಜೊತೆ ಬಟ್ಟೆ, ಸ್ವಲ್ಪ ನಗದು ಇವುಗಳೊಡನೆ ಒಂದು ಚೀಲದಲ್ಲಿ ಜೂನ್ ತಿಂಗಳಿನಿಂದಲೇ ಬಾಗಿಲ ಬಳಿ ತೂಗುಹಾಕಬೇಕು. ದನಗಳನ್ನು ಒಯ್ಯಲಾಗದಿದ್ದರೆ ಕಣ್ಣಿ ಬಿಚ್ಚಿ ಬಿಡಬೇಕು. ಮನೆ ಬಿಡಲು ಎಂತಹ ಕಾರಣಕ್ಕಾಗಲಿ ಸಾಧ್ಯವಾಗದ ರಾತ್ರಿ, ಧರೆಯ ಬದಿಯ ಕೋಣೆಗಳನ್ನು ಮುಚ್ಚಿ, ಎದುರು ಬದಿಯಲ್ಲಿ, ಮಹಡಿಯಿದ್ದರೆ ಮಹಡಿಯಲ್ಲಿ, ಒಬ್ಬರಾದರೂ ಎಚ್ಚರವಿದ್ದು ಉಳಿದವರು ಮಲಗತಕ್ಕದ್ದು. ಗುಡ್ಡ ಗುಡುಗುಟ್ಟುವ ಸದ್ದು, ಮರಗಳು ಲಟಲಟನೆ ಮುರಿಯುವ ಸದ್ದು ಕೇಳಿದರೆ ಇಳಿಜಾರಿನ ಕೆಳಮುಖವಾಗಿ ಓಡಬಾರದು. ಮಣ್ಣು ಅದೇ ದಾರಿಯಲ್ಲಿ ನಮಗಿಂತ ವೇಗವಾಗಿ ಬರುತ್ತದೆ. ಅಡ್ಡಕ್ಕೆ, ಅದರ ದಾರಿಯಿಂದ ಪಕ್ಕಕ್ಕೆ ಓಡಬೇಕು. ಒಮ್ಮೆ ಕುಸಿದ ಜಾಗ ಇನ್ನೊಮ್ಮೆ ಕುಸಿಯದೆಂದು ಸಾಮಾನು ಹುಡುಕಲು ಮರಳುವುದೂ ಅಪಾಯವೇ. ವಯನಾಡಿನಲ್ಲಿ ಮೊದಲನೆಯ ಕುಸಿತವಾಗಿ ಕೆಲವು ಗಂಟೆಗಳೊಳಗೆ ಎರಡನೆಯದು ಬಂದಿತು.

ಒಂದು ಮನೆಯವರು ಎಷ್ಟೇ ಜಾಣರಾದರೂ ಈ ಕೆಲಸ ಒಬ್ಬರಿಂದ ಆಗತಕ್ಕದ್ದಲ್ಲ. ಪುಣೆ ಜಿಲ್ಲೆಯ ಮಾಳೀಣವೆಂಬ ಹಳ್ಳಿ 2014ರ ಜುಲೈ 30ರ ಬೆಳಗ್ಗೆ ಗುಡ್ಡದಡಿ ಹೂತುಹೋಗಿ 151 ಮಂದಿ ಸತ್ತಾಗ, ಆ ಸುದ್ದಿ ಹೊರಗೆ ಹೋದದ್ದು ಊರಿಗೆ ಬಂದ ಸಾರಿಗೆ ಬಸ್ಸಿನ ಚಾಲಕ ಅಲ್ಲಿ ಊರನ್ನೇ ಕಾಣದೆ ಹೋದುದರಿಂದ. ಊರಿಗೆ ಊರೇ ಒಂದೇ ಬಾರಿಗೆ ಮಾತು ಕಳೆದುಕೊಳ್ಳಬಲ್ಲುದು; ಆದುದರಿಂದ ಪಕ್ಕದೂರಿನವರು ದಿನಕ್ಕೆರಡು ಬಾರಿ ವಿಚಾರಿಸುವ ಏರ್ಪಾಡು ಬೇಕು. ಯಾವ ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ, ಯಾವ ಮನೆಯಲ್ಲಿ ದಿನತುಂಬಿದ ಬಸುರಿಯಿದ್ದಾಳೆ, ಯಾರಲ್ಲಿ ಜೀಪಿದೆ, ಯಾರಲ್ಲಿ ಮರ ಕೊಯ್ಯುವ ಯಂತ್ರವಿದೆ, ತೋಟದ ಲೈನ್‌ಮನೆಗಳಲ್ಲಿ ಹೊರರಾಜ್ಯದಿಂದ ಬಂದ ಎಷ್ಟು ಮಂದಿ ಇದ್ದಾರೆ ಎಂಬ ಪಟ್ಟಿ ಪಂಚಾಯತಿಯ ಕಪಾಟಿನಲ್ಲಿ ಮಾತ್ರವಲ್ಲದೆ ಕೇರಿಯ ಇಬ್ಬರು ಮೂವರ ಕಿಸೆಯಲ್ಲಿಯೂ ಇರಬೇಕು. ಲೈನ್‌ಮನೆಯವರಿಗೆ ನಮ್ಮ ಗುಡ್ಡದ ಪರಿಚಯವಿಲ್ಲ, ನಮ್ಮ ಭಾಷೆಯ ಎಚ್ಚರಿಕೆ ಅರ್ಥವಾಗುವುದಿಲ್ಲ. ಅವರನ್ನು ಕೊನೆಗೆ ನೆನೆಯುವುದು ಸಾಮಾನ್ಯವಾಗಿಬಿಟ್ಟಿದೆ. ಕಾಳಜಿ ಕೇಂದ್ರವೆಂದು ಗೊತ್ತುಮಾಡಿದ ಶಾಲೆಯ ಹಿಂದೆಯೂ ಒಂದು ಧರೆ ಇದೆಯೇ ಎಂದು ಮೊದಲು ಹೋಗಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯದ ಒಂದು ಮಾತು ಉಳಿಯುತ್ತದೆ. ಗುಡ್ಡದ ಬುಡದಲ್ಲಿ ಮನೆ ಕಟ್ಟಿದ್ದೇಕೆಂದು ಪಟ್ಟಣದಲ್ಲಿ ಕುಳಿತು ಕೇಳುವುದು ಸುಲಭ. ಮಟ್ಟಸವಾದ ನೆಲವೆಲ್ಲ ಗದ್ದೆಯಾಗಿ ತೋಟವಾಗಿ ಉಳ್ಳವರ ಕೈಯಲ್ಲಿರುವಾಗ, ಐದು ಸೆಂಟ್ಸ್ ಜಾಗಕ್ಕಾಗಿ ವರ್ಷಗಟ್ಟಲೆ ಕಾದವನಿಗೆ ಸರಕಾರ ತೋರಿಸಿದ್ದು ಗುಡ್ಡದ ಮೈಯನ್ನೇ. ಅವನು ಅದನ್ನು ಕಡಿಯದೆ ಮನೆ ಕಟ್ಟುವುದು ಹೇಗೆ? ನಿವೇಶನ ಹಂಚುವವರು ಇಳಿಜಾರನ್ನು ಭೂವಿಜ್ಞಾನಿಗೆ ತೋರಿಸದೆ ಹಂಚಬಾರದು; ರಸ್ತೆ ಅಗಲಿಸುವವರು ಕಡಿದಷ್ಟೇ ಶ್ರದ್ಧೆಯಿಂದ ಕಟ್ಟಬೇಕು. ಇದನ್ನು ಕೇಳುವ ಅಧಿಕಾರ ಗ್ರಾಮಸಭೆಗೆ ಉಂಟು. ಮುಂದಿನ ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳುಗಳಲ್ಲಿ ನಿಮ್ಮೂರಿನಲ್ಲಿ ನಡೆಯುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಅಪಾಯದ ಧರೆಗಳ ಗಣತಿಯನ್ನೂ, ಮಳೆ ಅಳೆಯುವವರ ಹೆಸರುಗಳನ್ನೂ ಬರೆಸಿರಿ. ಮನೆಯ ಗೋಡೆಯ ಮೇಲೆ ತುರ್ತು ಸಹಾಯದ 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077 ಎಂಬ ಎರಡು ಸಂಖ್ಯೆಗಳನ್ನು ಮಕ್ಕಳಿಗೂ ಕಾಣುವಂತೆ ಬರೆದಿಡಿರಿ.